‘ಅನಿಕೇತನ’ ಮತ್ತು ನಮ್ಮ ರಾಗಿಯ ಕಣ

ಕುವೆಂಪು ಅವರ ‘ಅನಿಕೇತನ’ ಗೀತೆಯನ್ನು ಕೇಳದ ಕನ್ನಡಿಗರು ವಿರಳ. ನಮ್ಮ ಕೆಲಮಂಗಲದ ಸೀಮೆಯಲ್ಲಿಯೂ ಕನ್ನಡದ ಸಮಾರಂಭವೆಂದರೆ ನಾಡಗೀತೆಯ ಬಳಿಕ ಮಕ್ಕಳ ಬಾಯಿಂದ ಬರುವುದು ಬಹುಮಟ್ಟಿಗೆ ಅದೇ. ರಾಗದ ಮಾಧುರ್ಯದಲ್ಲಿ ಅರ್ಥದ ಕಡೆಗೆ ಗಮನ ಹೋಗುವುದು ಕಡಿಮೆ. ಆದರೆ ಹಿಂದೊಮ್ಮೆ ಸಭೆ ಮುಗಿದ ಮೇಲೆ ಹಿರಿಯರೊಬ್ಬರು ನಮ್ಮನ್ನು ತಡೆದು, “ಮೇಷ್ಟ್ರೇ, ಮನೆಯನ್ನೇ ಕಟ್ಟಬೇಡ ಎನ್ನುತ್ತದೆ ಈ ಹಾಡು. ನಾವಾದರೋ ಗಡಿಯಾಚೆ ಕನ್ನಡದ ಮನೆ ಉಳಿಸಿಕೊಳ್ಳಲು ಸಂಘ ಕಟ್ಟಿದ್ದೇವೆ. ನಮ್ಮ ವೇದಿಕೆಯಲ್ಲಿ ಇದನ್ನು ಹಾಡಿಸುವುದು ಸರಿಯೇ?” ಎಂದರು. ಪ್ರಶ್ನೆ ಹಗುರವಾದುದಲ್ಲ.

ನಿಕೇತನವೆಂದರೆ ಮನೆ, ಅನಿಕೇತನನೆಂದರೆ ಮನೆಯಿಲ್ಲದವನು. ಭಗವದ್ಗೀತೆಯ 12ನೆಯ ಅಧ್ಯಾಯದಲ್ಲಿ ಭಕ್ತನ ಲಕ್ಷಣಗಳನ್ನು ಹೇಳುವಲ್ಲಿ ‘ಅನಿಕೇತ’ ಎಂಬ ಪದ ಬರುತ್ತದೆ. ಅದರ ಮಗ್ಗುಲಲ್ಲಿಯೇ, ಬುದ್ಧಿ ಸ್ಥಿರವಾಗಿರುವವನು ಎಂಬ ಲಕ್ಷಣವೂ ಇದೆ. ಮನೆಯಿಲ್ಲ, ಆದರೂ ಅಲೆಮಾರಿಯಲ್ಲ! ಕವಿ ಮಾತನಾಡುತ್ತಿರುವುದು ತನ್ನ ಚೇತನದೊಡನೆ ಎಂಬುದನ್ನು ಗಮನಿಸಬೇಕು. ದೇಹಕ್ಕೆ ಸೂರು ಬೇಕೇ ಬೇಕು. ಆ ಸೂರಿನ ಗೋಡೆಯೇ ಲೋಕದ ಕೊನೆಯೆಂದು ಚೇತನವು ನಂಬಬಾರದು.

ಕವಿಯ ಬದುಕೂ ಇದಕ್ಕೆ ಸಾಕ್ಷಿ. ಅವರ ಮೊದಲ ಕವನ ಸಂಕಲನ ‘ಬಿಗಿನರ್ಸ್ ಮ್ಯೂಸ್’ 1922ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಐರಿಷ್ ಕವಿ ಜೇಮ್ಸ್ ಕಸಿನ್ಸರು ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ ಮೇಲೆ ಅವರು ಕನ್ನಡಕ್ಕೆ ತಿರುಗಿದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಉನ್ನತ ಶಿಕ್ಷಣವೂ ಕನ್ನಡದಲ್ಲಿ ನಡೆಯಬೇಕೆಂದು ಶ್ರಮಿಸಿದರು. ಕನ್ನಡದ ಮನೆಯಲ್ಲಿದ್ದುಕೊಂಡೇ, ಅದರ ಬಾಗಿಲಿಗೆ ಅಗುಳಿ ಹಾಕಬೇಡಿ ಎಂದರೆಂದು ನಮ್ಮ ತಿಳಿವಳಿಕೆ.

ಮತಗಳ ವಿಚಾರಕ್ಕೆ ಬಂದಾಗ ಕವಿ ಬಳಸಿದ್ದು ಹೊಟ್ಟು ತೂರುವ ಚಿತ್ರ. ಅದನ್ನು ವಿವರಿಸಲು ನಮ್ಮ ಸೀಮೆಗಿಂತ ತಕ್ಕ ಸ್ಥಳ ಬೇಕಿಲ್ಲ, ಇದು ರಾಗಿಯ ನೆಲ. ಹಿಂದೆ ಕಣ ಸಾರಿಸಿ, ತೆನೆ ಹರಡಿ, ರೋಣಗಲ್ಲು ಹೊಡೆದು, ಗಾಳಿ ಬೀಸುವ ಹೊತ್ತಿಗಾಗಿ ಕಾಯುತ್ತಿದ್ದರು. ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ಸಣ್ಣಗೆ ಸುರಿದರೆ ಹೊಟ್ಟು ಗಾಳಿಯ ಪಾಲು, ಕಾಳು ಕಾಲಿನ ಬುಡದಲ್ಲಿ. ಗಾಳಿಯಿಲ್ಲದ ದಿನ ಯಾರೂ ತೂರುತ್ತಿರಲಿಲ್ಲ. ಬಿರುಗಾಳಿಯ ದಿನವೂ ತೂರುತ್ತಿರಲಿಲ್ಲ, ಕಾಳೇ ಹಾರಿಹೋದೀತೆಂಬ ಭಯ. ಮತವೆಂದರೆ ಸಿಡಿಮಿಡಿಗೊಳ್ಳುವವನು ರಾಶಿಯನ್ನೇ ಗಾಳಿಗೆ ಬಿಡುತ್ತಾನೆ; ಮತಾಂಧನು ಹೊಟ್ಟನ್ನೂ ಹಗೇವಿಗೆ ತುಂಬುತ್ತಾನೆ. ಹೊಟ್ಟಿಲ್ಲದೆ ಕಾಳು ಕಟ್ಟುವುದಿಲ್ಲವೆಂಬುದೂ ನಿಜವೇ. ಆಚಾರಗಳು ಒಂದು ಕಾಲಕ್ಕೆ ಕಾಳನ್ನು ಕಾಪಾಡಿದವು. ಆದರೆ ಊಟಕ್ಕೆ ಕುಳಿತಾಗ ಹೊಟ್ಟನ್ನು ಬಡಿಸುವವರುಂಟೇ? ಅವರ ‘ಜಲಗಾರ’ ನಾಟಕದಲ್ಲಿ ಶಿವನೇ ಜಗದ ಜಲಗಾರನಾಗಿ, ಬೀದಿ ಗುಡಿಸುವವನ ಬಳಿಗೆ ಬರುತ್ತಾನೆ. ಕಾಳು ಯಾವುದೆಂದು ಕವಿಗೆ ತಿಳಿದಿತ್ತು.

ಶಿಕ್ಷಣದ ಮಾತು ಗೀತೆಯಲ್ಲಿ ನೇರವಾಗಿಲ್ಲ. ಅದನ್ನು ಕವಿಯ ವಿಶ್ವಮಾನವ ಸಂದೇಶದಿಂದ ತುಂಬಿಕೊಳ್ಳಬೇಕು. ಹುಟ್ಟುವ ಪ್ರತಿ ಮಗುವೂ ವಿಶ್ವಮಾನವ, ಬೆಳೆಯುತ್ತ ನಾವೇ ಅದನ್ನು ಅಲ್ಪಮಾನವನನ್ನಾಗಿ ಮಾಡುತ್ತೇವೆ, ಮತ್ತೆ ವಿಶ್ವಮಾನವನನ್ನಾಗಿಸುವುದು ವಿದ್ಯೆಯ ಕೆಲಸ ಎಂಬುದು ಅದರ ಸಾರ. ಮುಖ್ಯೋಪಾಧ್ಯಾಯರಾಗಿದ್ದ ನಮಗೆ ಇದು ಪ್ರತಿ ಜೂನ್ ತಿಂಗಳಲ್ಲೂ ನೆನಪಾಗುತ್ತಿತ್ತು. ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ಜಾತಿ, ಮತ, ಮಾತೃಭಾಷೆಯ ಕಲಮುಗಳು. ಅವು ಬೇಡವೆನ್ನುವ ಧೀರರು ನಾವಲ್ಲ. ತಲೆತಲಾಂತರದಿಂದ ವಂಚಿತವಾದ ಮನೆಯ ಮಗುವಿಗೆ ವಿದ್ಯಾರ್ಥಿವೇತನ ಬರುವುದು ಆ ಕಲಮಿನಿಂದಲೇ. ಪುಸ್ತಕದಲ್ಲಿ ಬರೆದದ್ದು ಬೆಂಚಿನ ಮೇಲೆ ಕಾಣದಂತೆ ನೋಡಿಕೊಳ್ಳುವುದೇ ಉಪಾಧ್ಯಾಯನ ಹೊಣೆ. ತನಿಖಾಧಿಕಾರಿಗಳು ಅದನ್ನು ಎಂದೂ ಪರೀಕ್ಷಿಸುವುದಿಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ಭಾಗ್ಯವೂ ಇದೆ. 2006ರ ಕಾಯಿದೆಯ ಬಳಿಕ ಅವರು ಶಾಲೆಯಲ್ಲಿ ತಮಿಳನ್ನು ಕಡ್ಡಾಯವಾಗಿ ಓದುತ್ತಾರೆ. (ಆ ಕಡ್ಡಾಯದ ಬಗ್ಗೆ ನಮ್ಮ ಅಸಮಾಧಾನ ಬೇರೆಯ ಲೇಖನಕ್ಕೆ ವಸ್ತು.) ‘ಪುರನಾನೂರು’ ಸಂಕಲನದ 192ನೆಯ ಪದ್ಯದಲ್ಲಿ ಕಣಿಯನ್ ಪೂಂಗುಂಡ್ರನಾರ್ ಎಂಬ ಸಂಗಂ ಕವಿ, ಯಾವ ಊರನ್ನೂ ಪರವೂರೆನ್ನದೆ, ಯಾರನ್ನೂ ನಂಟಸ್ತಿಕೆಯಿಂದ ಹೊರಗಿಡದೆ ಮಾತನಾಡುತ್ತಾನೆ. ಒಬ್ಬನಿಗೆ ಎಲ್ಲವೂ ತನ್ನೂರು, ಇನ್ನೊಬ್ಬರಿಗೆ ಯಾವ ಮನೆಯೂ ಬೇಡ. ಇಬ್ಬರನ್ನೂ ಮೂಲದಲ್ಲಿಯೇ ಓದಬಲ್ಲ ಮಕ್ಕಳು ಗಡಿಯಲ್ಲಲ್ಲದೆ ಮತ್ತೆಲ್ಲಿ ಸಿಕ್ಕಾರು?

ಓದಬಲ್ಲರೆಂದೆವು, ಕಳವಳ ಅಲ್ಲಿಯೇ ಇದೆ. ಕನ್ನಡ ಅಕ್ಷರ ಬಾರದ ಎಷ್ಟೋ ಮಕ್ಕಳು ಈ ಹಾಡನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಅಲ್ಲಿ ಕ-ಗ, ತ-ದಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ‘ಹೊಟ್ಟು’ ಎಂಬುದನ್ನು ‘ಹೊಟ್ಟೆ’ ಎಂದೇ ಹಾಡುವ ಮಕ್ಕಳನ್ನೂ ಕೇಳಿದ್ದೇವೆ. ಅವರನ್ನು ದೂರುವುದೆಂತು? ರಾಗಿಯನ್ನು ಈಗ ಡಾಂಬರು ರಸ್ತೆಯ ಮೇಲೆ ಹರಡಿ ಬಸ್ಸು, ಲಾರಿಗಳ ಚಕ್ರಕ್ಕೆ ಒಪ್ಪಿಸುತ್ತೇವೆ. ಕಣವನ್ನು ಅವರು ಕಂಡದ್ದೆಲ್ಲಿ? ಈ ಗೀತೆಯನ್ನು ಕನ್ನಡ ಅಕ್ಷರದಲ್ಲಿ ಬರೆಯಲು ಕಲಿಯಬಯಸುವ ಮಕ್ಕಳನ್ನು ಪೋಷಕರು ಭಾನುವಾರ ಬೆಳಿಗ್ಗೆ ನಮ್ಮಲ್ಲಿಗೆ ಕಳುಹಿಸಬಹುದು. ಮೊರವೊಂದು ನಮ್ಮ ಮನೆಯಲ್ಲಿ ಇನ್ನೂ ಇದೆ.