ಹಳೇದು ಉಳಿಸ್ಕೋತಿತ್ತು

ಮೈಸೂರಿನ ಮೇಷ್ಟ್ರೊಬ್ಬರ ಮೊದಲ ಕಾರು, ಬೆಂಗಳೂರಿನಲ್ಲಿ 2001ರಿಂದ ತಯಾರಾದ ಪುಟ್ಟ ರೇವಾ. ಸೀಸದ 8 ಬ್ಯಾಟರಿ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಪೂರ್ತಿ ಚಾರ್ಜಿಗೆ 8 ಗಂಟೆ. ಕಂಪನಿಯ ಲೆಕ್ಕದಲ್ಲಿ ಓಟ 80 ಕಿ.ಮೀ. ಹುಣಸೂರು ದಾಟಿ, ಸುಮಾರು 60 ಕಿ.ಮೀ. ದೂರದ ಹನಗೋಡಿನ ತಾಯಿಯ ಮನೆ ಸೇರಿದರೆ, ವಾಪಸಾಗುವಷ್ಟು ಚಾರ್ಜು ಉಳಿಯುತ್ತಿರಲಿಲ್ಲ. ರಾತ್ರಿಯೆಲ್ಲ ಪ್ಲಗ್ ಹಾಕಿ ಅಲ್ಲೇ ತಂಗಬೇಕಿತ್ತು.

2013ರಲ್ಲಿ ರೇವಾದ ಮುಂದಿನ ಅವತಾರ 'ಇ-ಟು-ಓ' ಬಂತು. ಮೇಷ್ಟ್ರು ಅದನ್ನೂ ಕೊಂಡರು. ಲಿಥಿಯಂ ಬ್ಯಾಟರಿ, ನೀರಿನ ಗೋಜಿಲ್ಲ. 5 ಗಂಟೆ ಚಾರ್ಜು, 100 ಕಿ.ಮೀ. ಓಟ. ಬೆಳಿಗ್ಗೆ ಹೋಗಿ ಸಂಜೆಗೇ ಮರಳಬಹುದೆಂದು ಹಿಗ್ಗಿದರು.

"ಹೊಸದು ಚೆನ್ನಾಗೈತೆ ಕಣ್ಮಗ," ಎಂದರು ತಾಯಿ. "ಆದ್ರೆ ಹಳೇದು ನಿನ್ನ ಒಂದು ರಾತ್ರಿ ಉಳಿಸ್ಕೋತಿತ್ತು."

ಆ ಸಂಜೆ ಚಾರ್ಜು ತುಂಬಿದರೂ ಮೇಷ್ಟ್ರು ಪ್ಲಗ್ ಕೀಳಲಿಲ್ಲ.