ಸ್ಥಳೀಯ ನಿವಾಸಿ

ಮುಂಬೈಯಲ್ಲಿ ನದಿಯೊಂದಿದೆ ಎಂದರೆ ಊರಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಸಮುದ್ರ ಉಂಟು, ಸರಿ. ನದಿ ಎಲ್ಲಿಂದ ಬಂತು ಮಾರಾಯ ಎನ್ನುತ್ತಾರೆ. ಮೊದಲ ವರ್ಷ ನಾನೂ ಅದನ್ನು ಗಟಾರ ಅಂತಲೇ ತಿಳಿದಿದ್ದೆ. ಕುರ್ಲಾದಲ್ಲಿ ನನ್ನ ಸೋದರಮಾವನ ಖೋಲಿಯ ಹಿಂದೆಯೇ ಅದು ಹರಿಯುತ್ತಿತ್ತು. ಹರಿಯುತ್ತಿತ್ತು ಎನ್ನುವುದು ದೊಡ್ಡ ಮಾತಾಯಿತು, ಕಪ್ಪಗೆ ನಿಂತಿರುತ್ತಿತ್ತು. ಹೆಸರು ಮಾತ್ರ ಮಿಠಿ, ಅಂದರೆ ಸಿಹಿ!

ಮಾವ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ ಕೆಲಸದಲ್ಲಿದ್ದರು. ಹದಿನಾರನೇ ವಯಸ್ಸಿಗೆ ಕುಂದಾಪುರದಿಂದ ಬಸ್ಸು ಹತ್ತಿದವರು. 2004ರಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಓದಲು ಬಂದ ನನ್ನನ್ನು ಹತ್ತಡಿ ಉದ್ದಗಲದ ಆ ಖೋಲಿಯಲ್ಲೇ ಇಟ್ಟುಕೊಂಡರು. ಮಂಚ ನನಗೆ, ನೆಲ ಅವರಿಗೆ. ಬೇಡವೆಂದರೆ, "ನೀ ಓದುವವ, ನಿಂಗೆ ನಿದ್ರೆ ಬೇಕ್" ಎನ್ನುತ್ತಿದ್ದರು. ಒಂದು ವರ್ಷ ಹಾಗೆ ಕಳೆಯಿತು. ಆಮೇಲೆ ಹಾಸ್ಟೆಲು ಸಿಕ್ಕಿತು.

ಹಾಸ್ಟೆಲಿಗೆ ಹೋದ ತಿಂಗಳಲ್ಲೇ ಆ ಮಳೆ ಬಂತು. 2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್. ನಮ್ಮ ಕುಂದಾಪುರದ ಕಡೆ ಜುಲೈ ತಿಂಗಳಿಡೀ ಸುರಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ವಿಚಿತ್ರವೆಂದರೆ ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 74 ಮಿಲಿಮೀಟರ್ ಮಾತ್ರ. ಒಂದೇ ನಗರ, ಒಂದೇ ದಿನ. ನಗರದ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು ಲೆಕ್ಕ ಹಿಡಿದು ಕಟ್ಟಿದವು. ಸಾಲದ್ದಕ್ಕೆ ಮಧ್ಯಾಹ್ನ ಸಮುದ್ರದಲ್ಲಿ ಭರತ. ಒಳಗಿನ ನೀರು ಹೊರಗೆ ಹೋಗುವ ಬದಲು ಹೊರಗಿನದೇ ಒಳಗೆ ನುಗ್ಗಿತು. ನಗರದಲ್ಲಿ ಸತ್ತವರೇ ನಾನೂರಕ್ಕೂ ಹೆಚ್ಚು.

ಎರಡು ದಿನ ಮಾವನ ಸುದ್ದಿಯಿಲ್ಲ. ಮೂರನೇ ದಿನ ನಡೆದುಕೊಂಡೇ ಹೋದೆ. ಮಾವ ಖೋಲಿಯ ಬಾಗಿಲಲ್ಲಿ ಕೂತು ಪಾತ್ರೆಗಳ ಕೆಸರು ತೊಳೆಯುತ್ತಿದ್ದರು. ಇಡೀ ರಾತ್ರಿ ಅಟ್ಟದ ಮೇಲೆ ಮಡಚಿಕೊಂಡು ಕೂತಿದ್ದರಂತೆ, ಪಕ್ಕದ ಮನೆಯ ಎರಡು ಮಕ್ಕಳನ್ನೂ ಹತ್ತಿಸಿಕೊಂಡು. ನನ್ನನ್ನು ಕಂಡವರೇ ಕೇಳಿದ್ದು, "ಊಟ ಆಯ್ತಾ?"

ಗೋಡೆಯ ಮೇಲೆ ನೀರು ನಿಂತಲ್ಲಿಗೆ ಅವರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿಟ್ಟಿದ್ದರು. ಏಕೆಂದು ಕೇಳಲಿಲ್ಲ.

ನಮ್ಮ ಕೊನೆಯ ಸೆಮಿಸ್ಟರಿನಲ್ಲಿ ಪ್ರತಿ ಶನಿವಾರ ಒಂದು ಸೆಮಿನಾರ್ ಇರುತ್ತಿತ್ತು. ಪ್ರಚಲಿತ ಪರಿಸರ ಸಮಸ್ಯೆಗಳು ಎಂದು ಅದರ ಹೆಸರು. ಒಬ್ಬೊಬ್ಬರು ಒಂದೊಂದು ವಿಷಯ ಹಿಡಿದು ಇಪ್ಪತ್ತು ನಿಮಿಷ ಮಾತಾಡಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಒಬ್ಬಳು 1927ರಿಂದ ಬೆಳೆಯುತ್ತ ಬಂದ ದೇವನಾರ್ ಕಸದ ಗುಡ್ಡ ತೆಗೆದುಕೊಂಡಳು, ಮತ್ತೊಬ್ಬ ಶಿವಡಿಯ ಫ್ಲೆಮಿಂಗೊ ಹಕ್ಕಿಗಳನ್ನು. ನಾನು ಮಿಠಿಯನ್ನು ತೆಗೆದುಕೊಂಡೆ. ಅದರ ಪಕ್ಕ ಒಂದು ವರ್ಷ ಮಲಗಿದ್ದೆ ಎಂಬ ಧೈರ್ಯ.

ತಯಾರಿ ಜೋರಾಗಿಯೇ ಇತ್ತು. ವಿಹಾರ್ ಮತ್ತು ಪೊವಾಯಿ ಕೆರೆಗಳು ತುಂಬಿ ಹೊರಬಿದ್ದ ನೀರೇ ಮಿಠಿ. ಮಾಹಿಮ್ ಕೊಲ್ಲಿ ಸೇರುವವರೆಗೆ ಸುಮಾರು 18 ಕಿಲೋಮೀಟರ್. ದಾರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಅದು ಸೊಟ್ಟಗೆ ತಿರುಗುತ್ತದೆ, ರನ್‌ವೇ ಅದರ ಮೇಲೆಯೇ ಹಾದುಹೋಗಿದೆ. ಕೆಳಗೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳು ನಿಂತಿರುವುದು ಜೌಗುನೆಲವನ್ನು ಮಣ್ಣು ತುಂಬಿಸಿ ಎತ್ತರಿಸಿದ ಜಾಗದಲ್ಲಿ. ಕಾಂಡ್ಲಾ ಗಿಡಗಳಿದ್ದ, ಉಬ್ಬರದ ನೀರನ್ನು ಹೀರಿ ಇಟ್ಟುಕೊಳ್ಳುತ್ತಿದ್ದ ನೆಲ ಅದು. ಇದನ್ನೆಲ್ಲ ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಿದೆ. ರನ್‌ವೇಗೆ ನೀಲಿ, ಕೆಳಗೆ 'ಮೂಲಸೌಕರ್ಯ' ಎಂದು ಬರೆದಿದ್ದೆ. ಕಾಂಪ್ಲೆಕ್ಸಿಗೆ ಹಸಿರು, 'ಅಭಿವೃದ್ಧಿ'. ದಂಡೆಯ ಖೋಲಿಗಳಿಗೆ ಕೆಂಪು, 'ಒತ್ತುವರಿ'. ಈ ಪದಗಳು ನನ್ನವಲ್ಲ, ಓದಿದ ಕಾಗದಗಳಲ್ಲಿ ಹಾಗೇ ಇದ್ದವು. ಆದರೆ ಬಣ್ಣ ಹಾಕಿದವನು ನಾನೇ.

ಕೊನೆಯ ಹಾಳೆಯಲ್ಲಿ ನೆರೆಯ ಎತ್ತರ ಕೊಟ್ಟಿದ್ದೆ: ಆರು ಅಡಿ ನಾಲ್ಕು ಇಂಚು. ಅದು ಮಾವನ ಪೆನ್ಸಿಲ್ ಗೆರೆ. ಹಿಂದಿನ ಭಾನುವಾರ ಹೋಗಿ ಟೇಪು ಹಿಡಿದು ಅಳೆದು ತಂದಿದ್ದೆ, ಟೇಪಿನ ಇನ್ನೊಂದು ತುದಿ ಮಾವನೇ ಹಿಡಿದಿದ್ದರು.

ಮೇಡಂ ಕೇಳಿದರು, "ಈ ಅಂಕಿ ಎಲ್ಲಿಂದ?"

"ಒಬ್ಬ ಸ್ಥಳೀಯ ನಿವಾಸಿಯಿಂದ" ಎಂದೆ.

"ಅಂದರೆ ಆ ಕೆಂಪು ಪಟ್ಟಿಯೊಳಗಿನವರು? ಅವರನ್ನು ಎಬ್ಬಿಸಿದರೆ ಎಲ್ಲಿಗೆ ಹೋಗುತ್ತಾರೆ, ಕೇಳಿದ್ದೀಯಾ?"

ಮೇಡಂ ಒಳ್ಳೆಯವರು. ಕೇಳಿದ್ದು ಬರೀ ಪ್ರಶ್ನೆ. ಅದು ನನ್ನ ಮಾವನ ಮನೆ, ಅಲ್ಲಿನ ಮಂಚದ ಮೇಲೆ ಮಲಗಿ ನಿಮ್ಮ ಮೊದಲ ವರ್ಷದ ಪರೀಕ್ಷೆಗೆ ಓದಿದ್ದೇನೆ ಎಂದು ಹೇಳಲು ಒಂದೇ ವಾಕ್ಯ ಸಾಕಿತ್ತು. ಇಪ್ಪತ್ತು ಮಂದಿ ನೋಡುತ್ತಿದ್ದರು. "ಪುನರ್ವಸತಿ ನನ್ನ ವಿಷಯದ ವ್ಯಾಪ್ತಿಯಲ್ಲಿ ಬರುವುದಿಲ್ಲ ಮೇಡಂ" ಎಂದುಬಿಟ್ಟೆ. ಒಳ್ಳೆಯ ಅಂಕಗಳೇ ಬಂದವು.

ನದಿಯನ್ನು ಅಗಲ ಮಾಡುವ ಕೆಲಸ ಅಷ್ಟರಲ್ಲಿ ಶುರುವಾಗಿತ್ತು. ಅದು ಬೇಕಾದ ಕೆಲಸವೇ, ಇವತ್ತಿಗೂ ನಾನು ಹಾಗೇ ಹೇಳುತ್ತೇನೆ. ಮಾರನೇ ವರ್ಷ ಮಾವನ ಖೋಲಿ ಹೋಯಿತು. ಕಾಗದಪತ್ರ ಇದ್ದವರಾದ್ದರಿಂದ ಮಾನ್‌ಖುರ್ದ್ ಕಡೆ ಐದನೇ ಮಹಡಿಯಲ್ಲಿ ಒಂದು ಮನೆ ಸಿಕ್ಕಿತು. ಬೆಳಿಗ್ಗೆ ಐದಕ್ಕೆ ದೋಸೆಕಲ್ಲು ಕಾಯಬೇಕು, ಅಲ್ಲಿಂದ ಕುರ್ಲಾಕ್ಕೆ ಬರಲು ಅಷ್ಟು ಹೊತ್ತಿಗೆ ಏದುಸಿರು. ಕೆಲವು ವರ್ಷ ಹಾಗೇ ತೇಗಿದರು, ಆಮೇಲೆ ಊರಿಗೆ ಹೋದರು.

ನಾನೀಗ ಠಾಣೆಯಲ್ಲಿದ್ದೇನೆ. ಹೋದ ಮಳೆಗಾಲದಲ್ಲಿ ಊರಿಗೆ ಹೋಗುವಾಗ, ಯಾಕೋ, ಆ ಸೆಮಿನಾರಿನ ವರದಿಯನ್ನು ಚೀಲಕ್ಕೆ ಹಾಕಿಕೊಂಡೆ. ಮಾವ ಚಾವಡಿಯಲ್ಲಿ ಕೂತು ಪುಟ ಮಗುಚಿದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಕ್ಷೆಯ ಪುಟಕ್ಕೆ ಬಂದು ನಿಂತರು.

"ಇದ್ರಗೆ ನಮ್ ಮನಿ ಇತ್ತಾ?"

ಕುಂದಾಪುರದ ಕಡೆ 'ಇತ್ತಾ' ಅಂದರೆ 'ಇದೆಯಾ' ಎಂದರ್ಥ, ಬೇರೆ ಊರಿನವರಿಗೆ ಇದು ತಿಳಿಯಲಿಕ್ಕಿಲ್ಲ. ಬೆರಳಿಟ್ಟು ತೋರಿಸಿದೆ. ಕೆಂಪು ಬಣ್ಣ ಮಾಸಿ ಕಿತ್ತಳೆಯಾಗಿತ್ತು.

"ಪೆನ್ಸಿಲ್ ಗೆರೆ?"

ಕೊನೆಯ ಪುಟ ತೆಗೆದು ಆರು ಅಡಿ ನಾಲ್ಕು ಇಂಚು ತೋರಿಸಿದೆ. ಅಂಕಿಗಳನ್ನು ಓದಬಲ್ಲರು. ಖುಷಿಯಾಯಿತು ಅವರಿಗೆ.

"ನನ್ ಹೆಸ್ರೂ ಇತ್ತಾ?"

ಇತ್ತು ಮಾವ ಎಂದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಮಾವ ವರದಿಯನ್ನು ನನಗೆ ಕೊಡದೆ, ಒಳಗೆ ಹೋಗಿ ದೇವರ ಫೋಟೋದ ಹಿಂದೆ ಇಟ್ಟು ಬಂದರು.