ನಾಲ್ಕನೆಯ ಹೊಗೆಕೊಳವೆ

ಯಾರಿಗೂ ಜಗ್ಗದ, ಬಲು ಚಾಲಾಕಿನ ಮನುಷ್ಯನನ್ನು ಚೆನ್ನೈಯ ಹಳಬರು ‘ಎಮ್ಡನ್’ ಎಂದು ಕರೆಯುವುದುಂಟು. ವರ್ಗವಾಗಿ ಈ ಊರಿಗೆ ಬಂದ ಹೊಸದರಲ್ಲಿ ಕಚೇರಿಯ ಸಹೋದ್ಯೋಗಿಯೊಬ್ಬರ ಬಾಯಲ್ಲಿ ಈ ಪದ ಕೇಳಿ ಅರ್ಥ ವಿಚಾರಿಸಿದೆ. ಅದು ಒಂದು ಜರ್ಮನ್ ಯುದ್ಧನೌಕೆಯ ಹೆಸರು. 1914ರ ಸೆಪ್ಟೆಂಬರ್ 22ರ ರಾತ್ರಿ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲರ್ ನೇತೃತ್ವದ ‘ಎಮ್ಡನ್’ ಮದರಾಸಿನ ಎದುರು ಬಂದು ನಿಂತು, ಬರ್ಮಾ ಆಯಿಲ್ ಕಂಪನಿಯ ತೈಲತೊಟ್ಟಿಗಳ ಮೇಲೆ ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿ, ಕತ್ತಲಲ್ಲಿ ಮರೆಯಾಯಿತು. ಹೈಕೋರ್ಟಿನ ಆವರಣದ ಗೋಡೆಯಲ್ಲಿ ಇದನ್ನು ನೆನಪಿಸುವ ಒಂದು ಫಲಕವಿದೆ. ದಿನವೂ ಸಾವಿರಾರು ಮಂದಿ ಅದನ್ನು ಹಾದುಹೋಗುತ್ತಾರೆ. ನಿಂತು ಓದುವವರನ್ನು ನಾನು ಕಂಡಿದ್ದು ಕಡಿಮೆ.

ಎರಡು ವರ್ಷಗಳಿಂದ ರಜಾದಿನಗಳಲ್ಲಿ ನಾನು ಆ ಹಡಗಿನ ಪ್ರತಿಕೃತಿಯನ್ನು ಕಟ್ಟುತ್ತಿದ್ದೇನೆ. ಪ್ರಮಾಣ 1:200. 118.3 ಮೀಟರ್ ಉದ್ದದ ಹಡಗು ನನ್ನ ಮೇಜಿನ ಮೇಲೆ 59 ಸೆಂಟಿಮೀಟರ್ ಆಗುತ್ತದೆ; ಅದರ ಮೇಲೆ ನಿಲ್ಲುವ ನಾವಿಕ ಒಂದು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ನಕ್ಷೆಯಿದ್ದ ಮೇಲೆ ಫೋಟೋಗಳ ಗೊಡವೆ ಏಕೆ ಎಂದು ಕೆಲವರು ಕೇಳುತ್ತಾರೆ. ನಕ್ಷೆಯು ಹಡಗು ಹೇಗಿರಬೇಕೆಂದು ಬಯಸಿದ್ದರೋ ಅದನ್ನು ಹೇಳುತ್ತದೆ. ಜನ ಅದರಲ್ಲಿ ಬಾಳಿದ ಮೇಲೆ ಅದು ಏನಾಯಿತೆಂಬುದನ್ನು ಫೋಟೋ ಹೇಳುತ್ತದೆ. ಡೆಕ್ಕಿನ ಮೇಲೆ ಒಟ್ಟಿದ ಕಲ್ಲಿದ್ದಲು ಯಾವ ನಕ್ಷೆಯಲ್ಲಿಯೂ ಇಲ್ಲ.

ಆದರೆ ಫೋಟೋ ಎಂಬ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸದೆ ನಂಬುವಂತಿಲ್ಲ. ನಮ್ಮ ಸರ್ಕಾರಿ ಕಡತಗಳಲ್ಲಿ ಭಾವಚಿತ್ರಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಬೇಕಿದ್ದ ಕಾಲವಿತ್ತು. ಹಡಗಿನ ಚಿತ್ರಗಳಿಗೆ ಅಂಥ ದೃಢೀಕರಣವಿಲ್ಲ. ‘ಎಮ್ಡನ್’ ಎಂಬ ಹೆಸರಿನಡಿ ಬರುವ ಚಿತ್ರ ಅದೇ ವರ್ಗದ ‘ಡ್ರೆಸ್ಡನ್’ನದ್ದಾಗಿರಬಹುದು. ಇವೆರಡರ ಮುಖ್ಯ ವ್ಯತ್ಯಾಸ ನೀರಿನ ಕೆಳಗಿತ್ತು: ಎಮ್ಡನ್‌ಗೆ ಎರಡು ಚಾಲಕ ಚಕ್ರಗಳು, ಟರ್ಬೈನಿನಿಂದ ನಡೆಯುತ್ತಿದ್ದ ಡ್ರೆಸ್ಡನ್‌ಗೆ ನಾಲ್ಕು. ತೇಲುತ್ತಿರುವ ಹಡಗಿನ ಚಿತ್ರದಲ್ಲಿ ಇದು ಕಾಣುವುದಾದರೂ ಹೇಗೆ! 1916ರಲ್ಲಿ ನೀರಿಗಿಳಿದ ಎರಡನೆಯ ಎಮ್ಡನ್‌ಗೂ ಮೂರೇ ಹೊಗೆಕೊಳವೆಗಳು. ಮೊದಲಿನದರ ಗೌರವಾರ್ಥ ಅದರ ಮೂತಿಯ ಮೇಲೆ ಐರನ್ ಕ್ರಾಸ್ ಲಾಂಛನವಿತ್ತು. ಅದು ಕಂಡರೆ ಆ ಚಿತ್ರವನ್ನು ಪಕ್ಕಕ್ಕೆ ಸರಿಸುತ್ತೇನೆ.

ಗುರುತು ಸಂದೇಹಾತೀತವಾದ ಮೇಲೆ ಅಳತೆ. ದೂರದಿಂದ, ನೇರ ಪಕ್ಕದಿಂದ ತೆಗೆದ ಒಂದೇ ಒಂದು ಚಿತ್ರ ಸಿಕ್ಕರೂ ಅರ್ಧ ಕೆಲಸ ಮುಗಿದಂತೆ. ಚಿತ್ರದಲ್ಲಿ ಹಡಗಿನ ಉದ್ದ ಇಷ್ಟು, ನಿಜದಲ್ಲಿ 118.3 ಮೀಟರ್, ಉಳಿದದ್ದು ಪ್ರೌಢಶಾಲೆಯ ತ್ರೈರಾಶಿ. ಕ್ಯಾಮೆರಾ ಓರೆಯಾಗಿದ್ದರೆ ಉದ್ದ ಕುಗ್ಗಿ ಕಾಣುತ್ತದೆ, ಎತ್ತರ ಅಷ್ಟಾಗಿ ಮೋಸ ಮಾಡುವುದಿಲ್ಲ. ಆದ್ದರಿಂದ ಓರೆ ಚಿತ್ರಗಳಿಂದ ಎತ್ತರಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ, ಅದೂ ಅಕ್ಕಪಕ್ಕದಲ್ಲಿರುವ ವಸ್ತುಗಳನ್ನು ಹೋಲಿಸಿ. ಕಟಕಟೆಗೆ ಒರಗಿ ನಿಂತ ಅನಾಮಿಕ ನಾವಿಕನೊಬ್ಬ ಎಷ್ಟೋ ಸಲ ನನ್ನ ಅಳತೆಗೋಲಾಗಿದ್ದಾನೆ. ಹತ್ತು ಫಿರಂಗಿಗಳ ನಳಿಗೆಗೆ ಇಂಜೆಕ್ಷನ್ ಸೂಜಿಯ ತುಂಡು ಸಾಕು. 10.5 ಸೆಂಟಿಮೀಟರಿನ ಬಾಯಿ ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್.

ಬಣ್ಣದ ಪ್ರಶ್ನೆ ಇದಕ್ಕಿಂತ ಜಟಿಲ. ಶಾಂತಿಕಾಲದಲ್ಲಿ ಚೀನಾದ ತ್ಸಿಂಗ್‌ತಾವ್‌ನಲ್ಲಿದ್ದಾಗ ಹಡಗಿನ ಮೈ ಬಿಳಿ, ಹೊಗೆಕೊಳವೆ ಮಾಸಲು ಹಳದಿ. ಸೊಗಸಾದ ಚಿತ್ರಗಳೆಲ್ಲ ಆ ಕಾಲದವೇ. ಯುದ್ಧ ಬಂದಾಗ ಅದು ಬೂದುಬಣ್ಣ ತಳೆಯಿತು. ಅಂದಿನ ಸಾಮಾನ್ಯ ಫೋಟೋ ಫಲಕಗಳಿಗೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಹೀಗಾಗಿ ಹಳದಿಯೂ ಕಣ್ಣಿಗೆ ಕಂಡದ್ದಕ್ಕಿಂತ ಕಪ್ಪಾಗಿ ಮೂಡುತ್ತಿತ್ತು. ಇನ್ನು ಹಡಗಿನ ಅತಿ ಸಮೀಪದ ಚಿತ್ರಗಳು ಅದರ ಮರಣೋತ್ತರ ಚಿತ್ರಗಳು. 1914ರ ನವೆಂಬರ್ 9ರಂದು ಆಸ್ಟ್ರೇಲಿಯಾದ ‘ಸಿಡ್ನಿ’ ಹೊಡೆದುರುಳಿಸಿದ ಮೇಲೆ ಕೋಕೋಸ್ ದ್ವೀಪಸ್ತೋಮದ ನಾರ್ತ್ ಕೀಲಿಂಗ್ ದಂಡೆಗೆ ಬಡಿದು ನಿಂತ ಅವಶೇಷವನ್ನು ಬಗೆಬಗೆಯಾಗಿ ಚಿತ್ರಿಸಿದ್ದಾರೆ. ಮೈಯ ತಗಡಿನ ಜೋಡಣೆಗೆ ಅವು ಅಮೂಲ್ಯ. ಆದರೆ ಹೊಗೆಕೊಳವೆಗಳೂ ಮುಂದಿನ ಪಟಸ್ತಂಭವೂ ಅದಾಗಲೇ ಉರುಳಿಬಿದ್ದಿದ್ದವು. ಹೆಣದಿಂದ ದೇಹದ ಅಳತೆ ತೆಗೆಯುವ ಈ ಕೆಲಸ ಮಾಡುತ್ತಾ ಕೆಲವೊಮ್ಮೆ ಭೂತಗನ್ನಡಿಯನ್ನು ಕೆಳಗಿಟ್ಟು ಹೊರಗೆ ಹೋಗಿಬಂದದ್ದುಂಟು.

ನನಗೆ ಬೇಕಾಗಿರುವ ಹಡಗು ಬಿಳಿಯದೂ ಅಲ್ಲ, ಮುರಿದದ್ದೂ ಅಲ್ಲ. ಮದರಾಸಿಗೆ ಬಂದ ಹಡಗು. ಆ ರಾತ್ರಿ ಅದನ್ನು ಕತ್ತಲಲ್ಲಿ ಚಿತ್ರ ತೆಗೆದವರಿಲ್ಲ. ಊರಿನ ಕಡೆಯಿಂದ ಉಳಿದಿರುವುದು ಉರಿದ ತೊಟ್ಟಿಗಳ, ಹೊಗೆಯ ಚಿತ್ರಗಳು. ಕನಿಷ್ಠ ಐವರು ಸತ್ತರು. ಎಷ್ಟೋ ಕುಟುಂಬಗಳು ಊರು ಬಿಟ್ಟವು. ನಮ್ಮ ಎದುರುಮನೆಯ ಹಿರಿಯರ ಅಜ್ಜಿ ಆಗ ಮಣ್ಣಡಿಯಲ್ಲಿದ್ದ ಹುಡುಗಿ. ಬಣ್ಣ ಹಚ್ಚುತ್ತಿದ್ದಾಗ ಅವರು ಬಂದು ನೋಡಿ, “ಬೂದುಬಣ್ಣವೇ ಸಾರ್? ಕಪ್ಪು ಹಡಗು ಅಂತ ನಮ್ಮ ಪಾಟಿ ಹೇಳುತ್ತಿದ್ದರು,” ಎಂದರು. “ರಾತ್ರಿಯಲ್ಲವೇ ಮಾಮಾ, ಕಪ್ಪಾಗಿಯೇ ಕಂಡಿರಬೇಕು,” ಎಂದೆ. ಅವರಿಗೆ ಒಪ್ಪಿಗೆಯಾದಂತೆ ತೋರಲಿಲ್ಲ. ಬೂದುಬಣ್ಣವನ್ನು ನಾನು ಬದಲಿಸಲಿಲ್ಲ. ಆದರೆ ಪಾಟಿಯ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಈಗ ಉಳಿದಿರುವುದು ಹುಸಿ ಹೊಗೆಕೊಳವೆ. ನಾಲ್ಕು ಹೊಗೆಕೊಳವೆಗಳಿದ್ದ ಬ್ರಿಟಿಷ್ ಕ್ರೂಸರ್ ‘ಯಾರ್ಮೌತ್’ನಂತೆ ಕಾಣಲೆಂದು ಎಮ್ಡನ್ ಕ್ಯಾನ್ವಾಸಿನ ನಾಲ್ಕನೆಯದನ್ನು ಎತ್ತಿಕೊಳ್ಳುತ್ತಿತ್ತು. ಅಕ್ಟೋಬರ್ 28ರ ನಸುಕಿನಲ್ಲಿ ಅದೇ ವೇಷದಲ್ಲಿ ಪೆನಾಂಗ್ ಬಂದರನ್ನು ಹೊಕ್ಕು ರಷ್ಯದ ‘ಝೆಮ್ಚುಗ್’ ಎಂಬ ಕ್ರೂಸರನ್ನು ಮುಳುಗಿಸಿತು. ನೋಡುವವರ ಕಣ್ಣು ತಪ್ಪಿಸಲೆಂದೇ ಮಾಡಿದ ವಸ್ತುವನ್ನು ನಿಖರವಾಗಿ ಮಾಡುವುದೆಂದರೇನು? ಬೇಕೆಂದಾಗ ಏರಿಸಿ ಇಳಿಸುವಂತೆ ಅದನ್ನು ಬಿಡಿಯಾಗಿ ಮಾಡುತ್ತಿದ್ದೇನೆ. ಉಳಿದ ಮೂರು ಪ್ಲಾಸ್ಟಿಕ್ ಹಾಳೆಯವು. ಇದಕ್ಕೆ ಮಾತ್ರ ನನ್ನ ಹಳೆಯ ಪಂಚೆಯ ಅಂಚಿಲ್ಲದ ತುಂಡೊಂದನ್ನು ಅಂಟಿನಲ್ಲಿ ಅದ್ದಿ ಒಣಗಲು ಇಟ್ಟಿದ್ದೇನೆ. ಗಾಳಿಗೆ ಎಷ್ಟು ಸುಕ್ಕು ಬೀಳುತ್ತಿತ್ತೆಂಬುದನ್ನು ನನ್ನಲ್ಲಿರುವ ಯಾವ ಚಿತ್ರವೂ ಹೇಳುವುದಿಲ್ಲ.